ಕಿಡ್ನಿ ಕೊಟ್ಟವಳು ಬಸುರಿಯಾದಾಗ

ಮೂತ್ರಪಿಂಡ ದಾನ ಮಾಡಿದ ಹೆಣ್ಣುಮಕ್ಕಳಲ್ಲಿ ಬಹುಪಾಲು ಮಂದಿ ಆರೋಗ್ಯವಂತ ಮಗುವನ್ನೇ ಹೆರುತ್ತಾರೆ. ಆದರೆ ಬಸಿರಿನ ಕಾಲದ ಬಿ.ಪಿ. ಅವರನ್ನು ಕಾಡುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಈ ಮಾತನ್ನು ಆಕೆಗೆ ಹೇಳಬೇಕಾದದ್ದು ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮೊದಲು.

1956ರ ಮೇ ತಿಂಗಳಲ್ಲಿ ಅಮೆರಿಕದ ಬೋಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಅವಳಿ ಅಕ್ಕತಂಗಿಯರಿಬ್ಬರಿಗೆ ಶಸ್ತ್ರಚಿಕಿತ್ಸೆ ನಡೆಯಿತು. ವಾಂಡಾ ಫಾಸ್ಟರ್ ತನ್ನ ಒಂದು ಮೂತ್ರಪಿಂಡವನ್ನು ಒಡಹುಟ್ಟಿದ ಎಡಿತ್ ಹೆಲ್ಮ್‌ಗೆ ಕೊಟ್ಟಳು. ಅದಾಗಿ ಎರಡು ವರ್ಷ ತುಂಬುವ ಮೊದಲೇ, 1958ರ ಮಾರ್ಚ್‌ನಲ್ಲಿ, ಎಡಿತ್ ಗಂಡುಮಗುವನ್ನು ಹೆತ್ತಳು. ಕಸಿ ಮಾಡಿದ ಮೂತ್ರಪಿಂಡ ಹೊತ್ತು ತಾಯಿಯಾದ ಮೊದಲ ಮಹಿಳೆ ಎಂದು ವೈದ್ಯಕೀಯ ಚರಿತ್ರೆ ಅವಳನ್ನು ಗುರುತಿಸಿತು.

ಚರಿತ್ರೆಯ ಕಣ್ಣು ಬಿದ್ದದ್ದು ಪಡೆದವಳ ಮೇಲೆ. ಕೊಟ್ಟವಳ ಬಸಿರು ಹೇಗಿರುತ್ತದೆ ಎಂಬ ಪ್ರಶ್ನೆಗೆ ನೂರಾರು ಗರ್ಭಗಳ ಲೆಕ್ಕವಿಟ್ಟು ಉತ್ತರಿಸಿದ ದೊಡ್ಡ ಅಧ್ಯಯನಗಳು ಬಂದದ್ದು 2009ರಲ್ಲಿ, ಅರ್ಧ ಶತಮಾನ ಉರುಳಿದ ಮೇಲೆ. ಈ ತಡ ನಮಗೆ ಹೊರಗಿನ ಸಂಗತಿಯಲ್ಲ. ಭಾರತದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು. ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಕೊಡುವವರಲ್ಲಿ ಎಷ್ಟೋ ಮಂದಿ ಮಕ್ಕಳನ್ನು ಹೆತ್ತು ಬೆಳೆಸಿದ ತಾಯಂದಿರು. ಆದರೆ ಗಂಡನಿಗೆ ಕೊಡಲು ಮುಂದೆ ಬಂದ ಎಳೆಯ ಹೆಂಡತಿ, ಅಣ್ಣನಿಗೆ ಕೊಡಲು ಒಪ್ಪಿದ ಮದುವೆಯಾಗದ ತಂಗಿ ಕೂಡ ಆ ಸಾಲಿನಲ್ಲಿದ್ದಾರೆ. ಅವರ ಮುಂದಿನ ಬಸಿರಿನ ಬಗ್ಗೆ ವಿಜ್ಞಾನ ಇಂದು ಏನು ಹೇಳಬಲ್ಲದೋ ಅದನ್ನು ಪೂರ್ತಿಯಾಗಿ ಕೇಳಿ ತಿಳಿಯುವ ಹಕ್ಕು ಅವರಿಗಿದೆ.

ಬಸಿರು ಕೇಳುವ ದುಡಿಮೆ

ಗರ್ಭ ನಿಂತ ಕೆಲವೇ ವಾರಗಳಲ್ಲಿ ತಾಯಿಯ ಮೈಯಲ್ಲಿ ರಕ್ತದ ಪ್ರಮಾಣ ಏರತೊಡಗುತ್ತದೆ, ರಕ್ತನಾಳಗಳು ಹಿಗ್ಗುತ್ತವೆ. ಮೂತ್ರಪಿಂಡಗಳು ಸೋಸುವ ಕೆಲಸ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಅವುಗಳ ಗಾತ್ರವೂ ಒಂದು ಸೆಂಟಿಮೀಟರಿನಷ್ಟು ಹಿಗ್ಗುತ್ತದೆ. ಹೀಗಾಗಿ ಬಸುರಿಯ ರಕ್ತದಲ್ಲಿ, ಮೂತ್ರಪಿಂಡ ಸೋಸಿ ಹೊರಹಾಕುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಮಟ್ಟ ಇಳಿಯುವುದು ಸಹಜ: ಮೊದಲು 0.8 ಇದ್ದದ್ದು 0.5ರ ಆಸುಪಾಸಿಗೆ ಬರಬಹುದು. ಬಸುರಿಯಲ್ಲದ ಹೆಂಗಸಿನಲ್ಲಿ 0.9 ಎಂದರೆ ಯಾರೂ ಗಾಬರಿಯಾಗುವುದಿಲ್ಲ. ಆರು ತಿಂಗಳ ಬಸುರಿಯಲ್ಲಿ ಅದೇ ಅಂಕಿ ಬಂದರೆ ವೈದ್ಯರು ಕಾರಣ ಹುಡುಕಬೇಕಾಗುತ್ತದೆ.

ಒಂದು ಮೂತ್ರಪಿಂಡ ಕೊಟ್ಟವರಲ್ಲಿ ಇನ್ನೊಂದು ಬದಲಾವಣೆ ಮೊದಲೇ ಆಗಿರುತ್ತದೆ. ಎರಡರಲ್ಲಿ ಒಂದು ಹೋದರೆ ಸೋಸುವ ಶಕ್ತಿ ಅರ್ಧಕ್ಕೇ ಇಳಿದು ನಿಲ್ಲುವುದಿಲ್ಲ. ಉಳಿದದ್ದು ತನ್ನ ದುಡಿಮೆಯನ್ನು ಹೆಚ್ಚಿಸಿಕೊಂಡು, ಒಟ್ಟು ಶಕ್ತಿಯನ್ನು ಮೊದಲಿನ ಮೂರನೇ ಎರಡು ಪಾಲಿನಷ್ಟಕ್ಕೆ ತಂದು ನಿಲ್ಲಿಸುತ್ತದೆ. ದಿನನಿತ್ಯದ ಬದುಕಿಗೆ ಅಷ್ಟು ಧಾರಾಳ ಸಾಕು. ದಾನಿ ಹೊಲಕ್ಕೂ ಹೋಗಬಹುದು, ಗಾರ್ಮೆಂಟ್ ಕಾರ್ಖಾನೆಗೂ ಹೋಗಬಹುದು. ಬಸಿರು ಬಂದಾಗ ಈ ಒಂಟಿ ಮೂತ್ರಪಿಂಡ ಮತ್ತಷ್ಟು ಶ್ರಮಕ್ಕೆ ಹೆಗಲು ಕೊಡುತ್ತದೆ. ಹೆಚ್ಚಿನವರಲ್ಲಿ ಅದು ಗೆಲ್ಲುತ್ತದೆ. ಆದರೆ ಅದರ ಬಳಿ ಮೀಸಲಿಟ್ಟ ಶಕ್ತಿ ಕಡಿಮೆ.

ಇದರ ಜೊತೆಗೆ ಪ್ರಿಎಕ್ಲಾಂಪ್ಸಿಯಾ ಎಂಬ ತೊಂದರೆಯ ಸ್ವಭಾವವನ್ನೂ ತಿಳಿಯಬೇಕು. ಗರ್ಭನಂಜು ಎಂದು ಕರೆಯುವುದೂ ಇದನ್ನೇ. ಇದರ ಬೇರು ಇರುವುದು ಮಾಸುವಿನಲ್ಲಿ. ಗರ್ಭಕೋಶದ ಸಣ್ಣ ರಕ್ತನಾಳಗಳು ಮಾಸುವಿಗೆ ರಕ್ತ ಹರಿಸಲು ಅಗಲವಾಗಬೇಕು. ಆ ಬದಲಾವಣೆ ಅರ್ಧಕ್ಕೇ ನಿಂತರೆ ಮಾಸು ಕೆಲವು ಪ್ರೋಟೀನ್‌ಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಅವು ಮೈಯ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. 20 ವಾರ ಕಳೆದ ಮೇಲೆ ಬಿ.ಪಿ. 140/90 ಅಥವಾ ಅದಕ್ಕೂ ಮೇಲೇರಿ ಇಳಿಯದೆ ಉಳಿಯುತ್ತದೆ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ, ಯಕೃತ್ತು, ಮಿದುಳು, ಮೂತ್ರಪಿಂಡ ಒಂದೊಂದಾಗಿ ಪೆಟ್ಟು ತಿನ್ನಬಹುದು. ಬಿ.ಪಿ. ಮಾತ್ರ ಏರಿ ಬೇರೆ ಅಂಗಗಳಿಗೆ ಏನೂ ಆಗದಿದ್ದರೆ ಅದನ್ನು ಗರ್ಭಾವಸ್ಥೆಯ ಏರೊತ್ತಡ ಎನ್ನುತ್ತಾರೆ. ಪೆಟ್ಟಿಗೆ ಮೊದಲು ಸಿಗುವ ಅಂಗಗಳಲ್ಲಿ ಮೂತ್ರಪಿಂಡವೂ ಒಂದಾದ್ದರಿಂದ, ಒಂದೇ ಇರುವವರಲ್ಲಿ ಏನಾಗುತ್ತದೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಅಂಕಿಗಳು ಹೇಳುವುದೇನು

2009ರಲ್ಲಿ ಎರಡು ವರದಿಗಳು ಬಂದವು. ಒಂದು ನಾರ್ವೆಯದು. ಅಲ್ಲಿ ಪ್ರತಿ ಹೆರಿಗೆಯೂ ರಾಷ್ಟ್ರೀಯ ದಾಖಲೆಯಲ್ಲಿ ಸೇರುವುದರಿಂದ, ದಾನಿಗಳ ಪಟ್ಟಿಯನ್ನು ಅದರೊಡನೆ ತಾಳೆ ಹಾಕಲು ಸಾಧ್ಯವಾಯಿತು. ದಾನಕ್ಕೆ ಮೊದಲಿನ 620 ಗರ್ಭಗಳಲ್ಲಿ ಶೇ 2.6ರಷ್ಟು, ದಾನದ ನಂತರದ 106 ಗರ್ಭಗಳಲ್ಲಿ ಶೇ 5.7ರಷ್ಟು ಪ್ರಿಎಕ್ಲಾಂಪ್ಸಿಯಾ ಕಂಡಿತ್ತು. ಇನ್ನೊಂದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ್ದು. ಅವರು ದಾನಿಗಳನ್ನೇ ಕೇಳಿ ವಿವರ ಕಲೆಹಾಕಿದರು. ಅಲ್ಲಿ ದಾನದ ಮೊದಲು ಶೇ 0.8 ಇದ್ದ ಪ್ರಿಎಕ್ಲಾಂಪ್ಸಿಯಾ ದಾನದ ನಂತರ ಶೇ 5.5ಕ್ಕೆ ಏರಿತ್ತು.

ಎರಡೂ ಒಂದೇ ದಿಕ್ಕನ್ನು ತೋರಿದರೂ ಒಂದು ತೊಡಕು ಉಳಿಯಿತು. ದಾನಕ್ಕೆ ಮುಂಚಿನ ಬಸಿರು ಎಳೆಯ ವಯಸ್ಸಿನದು, ದಾನದ ನಂತರದ್ದು ವಯಸ್ಸಾದ ಮೇಲಿನದು. ವಯಸ್ಸಿನೊಂದಿಗೆ ಬಿ.ಪಿ. ತೊಂದರೆ ತಾನಾಗಿಯೇ ಏರುತ್ತದೆ. ಹಾಗಾದರೆ ತಪ್ಪು ದಾನದ್ದೋ, ವಯಸ್ಸಿನದ್ದೋ? ಇನ್ನೊಂದು ಕಡೆ, ದಾನಿಯನ್ನು ಜನಸಾಮಾನ್ಯರೊಂದಿಗೆ ಹೋಲಿಸಿದರೂ ನ್ಯಾಯವಾಗದು. ದಾನಕ್ಕೆ ಆಯ್ಕೆಯಾಗುವವಳು ಹತ್ತಾರು ತಪಾಸಣೆ ದಾಟಿ ಬಂದ ಗಟ್ಟಿ ಆರೋಗ್ಯದವಳು.

ಈ ತೊಡಕನ್ನು ಬಿಡಿಸಿದ್ದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಅಧ್ಯಯನ. ಡಾ. ಅಮಿತ್ ಗರ್ಗ್ ಅವರ ನೇತೃತ್ವದ ತಂಡ ಅದನ್ನು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ 2015ರಲ್ಲಿ ಪ್ರಕಟಿಸಿತು. ದಾನದ ನಂತರ ಬಸುರಿಯಾದ 85 ಮಂದಿಯನ್ನು ತೆಗೆದುಕೊಂಡು, ದಾನಿಯಾಗಲು ಅರ್ಹರಾಗಬಹುದಾಗಿದ್ದಷ್ಟು ಆರೋಗ್ಯವಂತರಾದ 510 ಹೆಂಗಸರನ್ನು ಅವರಿಗೆ ಜೋಡಿ ಮಾಡಿದರು. ವಯಸ್ಸು, ಆದಾಯ, ಊರು ಹಳ್ಳಿಯೋ ಪಟ್ಟಣವೋ, ಮೊದಲೆಷ್ಟು ಬಸಿರು ಕಂಡಿದ್ದಾರೆ ಎಂಬುದನ್ನೆಲ್ಲ ಹೊಂದಿಸಿದರು. ದಾನಿಗಳ 131 ಗರ್ಭಗಳಲ್ಲಿ 15ರಲ್ಲಿ, ಅಂದರೆ ಶೇ 11ರಲ್ಲಿ, ಏರೊತ್ತಡ ಅಥವಾ ಪ್ರಿಎಕ್ಲಾಂಪ್ಸಿಯಾ ಕಾಣಿಸಿತು. ದಾನ ಮಾಡದವರ 788 ಗರ್ಭಗಳಲ್ಲಿ ಅದು 38, ಅಂದರೆ ಶೇ 5.

ಈ ಅಂಕಿಯನ್ನು ‘ಅಪಾಯ ಎರಡು ಪಟ್ಟು’ ಎಂದು ಹೇಳಿದರೆ ಎದೆ ಧಸಕ್ಕೆನ್ನುತ್ತದೆ. ಅದನ್ನೇ ಬಿಡಿಸಿ ನೋಡೋಣ. ದಾನಿಗಳ 100 ಗರ್ಭಗಳಲ್ಲಿ ಸುಮಾರು 89ರಲ್ಲಿ ಈ ತೊಂದರೆ ಸುಳಿಯಲೇ ಇಲ್ಲ. ದಾನ ಮಾಡದಿದ್ದರೂ ಐದರಲ್ಲಿ ಬರುತ್ತಿತ್ತು. ದಾನದ ಕಾರಣದಿಂದ ಸೇರಿದ್ದು ನೂರಕ್ಕೆ ಆರು. ಅವಧಿಗೆ ಮುನ್ನ ಹೆರಿಗೆಯಾಗುವುದರಲ್ಲೂ ಕಡಿಮೆ ತೂಕದ ಮಗು ಹುಟ್ಟುವುದರಲ್ಲೂ ಎರಡು ಗುಂಪುಗಳ ನಡುವೆ ಎದ್ದುಕಾಣುವ ವ್ಯತ್ಯಾಸವಿರಲಿಲ್ಲ. ದಾನಿಗಳ ಗುಂಪಿನಲ್ಲಿ ತಾಯಿಯ ಸಾವಾಗಲಿ, ನವಜಾತ ಶಿಶುವಿನ ಸಾವಾಗಲಿ ಸಂಭವಿಸಲಿಲ್ಲ.

ಹಾಗೆಂದು ಈ ಅಂಕಿಗಳನ್ನು ನಮ್ಮ ಊರಿಗೆ ಇದ್ದಹಾಗೇ ಎತ್ತಿ ತರಲಾಗದು. ಒಂಟಾರಿಯೊದ ಬಸುರಿಗೆ ಸರ್ಕಾರಿ ವಿಮೆಯ ಉಚಿತ ತಪಾಸಣೆ ಇದೆ, ಬಿ.ಪಿ. ಏರಿದ್ದು ಬೇಗ ಗೊತ್ತಾಗುತ್ತದೆ, ಬೇಗ ಮದ್ದು ಸಿಗುತ್ತದೆ. ತೊಂದರೆ ಬಂದರೂ ಜೀವಕ್ಕೆ ಕುತ್ತು ಬಾರದಿರುವುದಕ್ಕೆ ಆ ಆರೈಕೆಯ ಪಾಲೂ ಇದೆ. ರಾಯಚೂರಿನ ಒಂದು ಹಳ್ಳಿಯಲ್ಲೋ ಚಾಮರಾಜನಗರದ ಒಂದು ಹಾಡಿಯಲ್ಲೋ ಇರುವ ದಾನಿಗೆ ಅದೇ ಫಲ ಸಿಗಬೇಕಾದರೆ ಅದೇ ನಿಗಾ ಸಿಗಬೇಕು.

ದಪ್ಪ ಫೈಲು, ತೆಳು ಫೈಲು

ತೊಂದರೆ ಶುರುವಾಗುವುದು ಇಲ್ಲಿಂದ. ಕಸಿಯಾದ ಮೇಲೆ ಪಡೆದವರ ಫೈಲು ದಪ್ಪವಾಗುತ್ತ ಹೋಗುತ್ತದೆ. ಅವರು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಆಸ್ಪತ್ರೆಗೆ ಬರುತ್ತಾರೆ, ರಕ್ತದಲ್ಲಿ ಮದ್ದಿನ ಮಟ್ಟ ಅಳೆಸಿಕೊಳ್ಳುತ್ತಾರೆ. ಕೊಟ್ಟವಳು ಗಾಯ ಒಣಗಿದ ಮೇಲೆ ಮನೆಗೆ ಮರಳುತ್ತಾಳೆ, ಅವಳು ರೋಗಿಯಲ್ಲವಲ್ಲ. ಮೂರು ವರ್ಷದ ನಂತರ ಬಸುರಿಯಾಗಿ ಬೇರೊಂದು ಊರಿನ ಪ್ರಸೂತಿ ವೈದ್ಯರ ಮುಂದೆ ಕೂತಾಗ, ಅವಳಿಗೆ ಒಂದೇ ಮೂತ್ರಪಿಂಡ ಇದೆ ಎಂಬ ಸಂಗತಿಯನ್ನು ಅವಳೇ ಹೇಳಬೇಕು.

ಎಷ್ಟೋ ಸಲ ಅವಳು ಹೇಳುವುದಿಲ್ಲ. ಮದುವೆ ತಪ್ಪೀತೆಂಬ ಅಂಜಿಕೆಯಿಂದ ತಂಗಿ ದಾನ ಮಾಡಿದ್ದನ್ನು ಬಚ್ಚಿಡುವ ಮನೆಗಳಿವೆ. ಗಂಡನ ಮನೆಯವರಿಗೇ ಗೊತ್ತಿಲ್ಲದ ಮೇಲೆ, ಅತ್ತೆ ಜೊತೆಗೆ ಕೂತಿರುವಾಗ ವೈದ್ಯರಿಗೆ ಹೇಳುವುದಾದರೂ ಹೇಗೆ? ಕಲೆ ನೋಡಿ ತಿಳಿದುಕೊಳ್ಳಲಿ ಎನ್ನುವಂತಿಲ್ಲ. ಈಗ ಲ್ಯಾಪರೋಸ್ಕೋಪಿ ಮೂಲಕ ಮೂತ್ರಪಿಂಡ ಬಿಡಿಸಿ, ಅನೇಕ ಕಡೆ ಕೆಳಹೊಟ್ಟೆಯ ಅಡ್ಡ ಗೀರಿನಿಂದ ಹೊರತೆಗೆಯುತ್ತಾರೆ. ಆ ಗೀರು ಸಿಸೇರಿಯನ್ ಗೀರಿನ ಜಾಗದಲ್ಲೇ ಇರುತ್ತದೆ.

ಗೊತ್ತಿದ್ದರೆ ಎಷ್ಟು ಬದಲಾಗುತ್ತದೆ ಎನ್ನುವುದಕ್ಕೆ ಕೆಲವು ಉದಾಹರಣೆಗಳು ಸಾಕು. ದಾನಿಯ ಕ್ರಿಯಾಟಿನಿನ್ ಮೊದಲೇ ಒಂದಿಷ್ಟು ಮೇಲಿರುತ್ತದೆ, ಕೆಲವರ ಮೂತ್ರದಲ್ಲಿ ಪ್ರೋಟೀನಿನ ಸಣ್ಣ ಸೋರಿಕೆಯೂ ಇರಬಹುದು. ಬಸಿರಿಗೆ ಮುಂಚಿನ ಅಂಕಿ ಕೈಯಲ್ಲಿದ್ದರೆ ಮಾತ್ರ ಇದು ಹಳೆಯದೋ, ಪ್ರಿಎಕ್ಲಾಂಪ್ಸಿಯಾದ ಆರಂಭವೋ ಎಂದು ಹೇಳಬಹುದು. ದಾನಕ್ಕೆ ಸಾಮಾನ್ಯವಾಗಿ ಎಡಗಡೆಯದನ್ನು ತೆಗೆಯುತ್ತಾರೆ, ಅದರ ರಕ್ತನಾಳ ಉದ್ದವಾಗಿದ್ದು ಕಸಿಗೆ ಅನುಕೂಲ ಎಂಬ ಕಾರಣಕ್ಕೆ. ಹಾಗಾಗಿ ಉಳಿಯುವುದು ಬಲಗಡೆಯದು. ಬೆಳೆದ ಗರ್ಭಕೋಶ ಬಲಕ್ಕೆ ವಾಲುವುದರಿಂದ ಬಸುರಿಯರಲ್ಲಿ ಹೆಚ್ಚಾಗಿ ಊದಿಕೊಳ್ಳುವುದೂ ಬಲಗಡೆಯ ಮೂತ್ರನಾಳವೇ. ಅದು ಬಹುತೇಕ ಸಹಜ; ಆದರೆ ಸ್ಕ್ಯಾನ್ ಮಾಡುವವರಿಗೆ ಇದೊಂದೇ ಇದೆ ಎಂಬುದು ತಿಳಿದಿರಬೇಕು.

ಪ್ರಿಎಕ್ಲಾಂಪ್ಸಿಯಾದಲ್ಲಿ ಫಿಟ್ಸ್ ಬಾರದಂತೆ ಕೊಡುವ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದಿನ ವಿಷಯವೂ ಹಾಗೆಯೇ. ಜೀವ ಉಳಿಸುವ ಈ ಮದ್ದು ಮೈಯಿಂದ ಹೊರಹೋಗುವುದು ಮೂತ್ರಪಿಂಡದ ದಾರಿಯಲ್ಲಿ. ಒಂಟಿ ಮೂತ್ರಪಿಂಡ ಬಳಲಿದ್ದರೆ ಅದು ರಕ್ತದಲ್ಲಿ ಹೆಚ್ಚಾಗಿ ನಿಲ್ಲಬಹುದು. ಮೂತ್ರದ ಪ್ರಮಾಣ, ಮಂಡಿಯ ಪ್ರತಿವರ್ತನೆ, ಉಸಿರಾಟದ ಮೇಲೆ ನಿಗಾ ಇಟ್ಟು ಡೋಸ್ ಸರಿಪಡಿಸಬೇಕು. ಹೆರಿಗೆಯ ನಂತರ ನೋವಿಗೆಂದು ಸಲೀಸಾಗಿ ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ದಾನಿಗೆ ತಕ್ಕ ಮಾತ್ರೆಗಳಲ್ಲ. ಲೇಬರ್ ವಾರ್ಡಿನ ನರ್ಸಿಗೆ ಇದು ಮೊದಲೇ ಗೊತ್ತಿರಬೇಕು.

ತವರಿಗೆ ಹೋಗುವ ಹೊತ್ತು

ನಮ್ಮಲ್ಲಿ ಸೀಮಂತ ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸುವ ಪದ್ಧತಿ ಇದೆ. ಬಸುರಿಗೆ ಅದು ನೆಮ್ಮದಿಯ ಕಾಲ. ಆದರೆ ಬಿ.ಪಿ. ಏರುವ ಸಾಧ್ಯತೆ ಹೆಚ್ಚಾಗಿರುವುದು ಕಡೆಯ ಮೂರು ತಿಂಗಳಲ್ಲೇ, ಅದೇ ಹೊತ್ತಿಗೆ ಅವಳ ಆಸ್ಪತ್ರೆಯೂ ವೈದ್ಯರೂ ಬದಲಾಗುತ್ತಾರೆ. ಮೊದಲ ತಿಂಗಳುಗಳ ಬಿ.ಪಿ., ಕ್ರಿಯಾಟಿನಿನ್, ಮೂತ್ರದ ವರದಿ, ದಾನದ ಡಿಸ್‌ಚಾರ್ಜ್ ಸಮ್ಮರಿ ಇವೆಲ್ಲ ಸೀರೆ ಕುಪ್ಪಸದ ಜೊತೆಗೇ ಚೀಲ ಸೇರಬೇಕು. ತವರಿನ ಊರಿನಲ್ಲಿ ಹೆರಿಗೆ ಎಲ್ಲಿ, ಅಲ್ಲಿ ಮೂತ್ರಪಿಂಡ ತಜ್ಞರು ಸಿಗುತ್ತಾರೆಯೇ, ರಾತ್ರಿ ಎಡವಟ್ಟಾದರೆ ಯಾವ ಆಸ್ಪತ್ರೆ ಎಂಬುದು ಹೋಗುವ ಮೊದಲೇ ತೀರ್ಮಾನವಾಗಿರಬೇಕು.

ಹೆರಿಗೆಯಾದ ಕೂಡಲೇ ಅಪಾಯ ಮುಗಿಯಿತೆಂದೂ ತಿಳಿಯಬಾರದು. ಪ್ರಿಎಕ್ಲಾಂಪ್ಸಿಯಾ ಹೆರಿಗೆಯ ನಂತರದ ದಿನಗಳಲ್ಲಿ, ಕೆಲವೊಮ್ಮೆ ವಾರಗಳ ನಂತರ, ಮೊದಲ ಸಲ ಕಾಣಿಸಿಕೊಳ್ಳುವುದುಂಟು. ಬಾಣಂತಿಯ ತಲೆನೋವನ್ನು ಶೀತವೆಂದು, ಮುಖದ ಊತವನ್ನು ವಾಯುವೆಂದು ಮನೆಮದ್ದಿನಲ್ಲಿ ತಡೆಹಿಡಿದರೆ ಬೆಲೆಬಾಳುವ ಗಂಟೆಗಳು ಕಳೆದುಹೋಗುತ್ತವೆ. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಒಂಟಿ ಮೂತ್ರಪಿಂಡದ ತಾಯಿಗೆ, ಅದೂ ಹಾಲೂಡಿಸುವಾಗ, ಈ ರೂಢಿ ಬೇಡವೇ ಬೇಡ. ಅವಳು ಬಾಯಾರಿಕೆ ತೀರುವಷ್ಟು ನೀರು ಕುಡಿಯಲಿ.

ಮುಂಚೆಯೇ ಮಾಡಬಹುದಾದದ್ದು

ಅನೇಕ ಕಸಿ ಕೇಂದ್ರಗಳು ದಾನದ ನಂತರ ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ಕಾದು ಬಸಿರಿಗೆ ಯೋಚಿಸಿ ಎನ್ನುತ್ತವೆ. ಉಳಿದ ಮೂತ್ರಪಿಂಡ ಹೊಸ ಹೊರೆಗೆ ಹೊಂದಿಕೊಂಡು ಸ್ಥಿರವಾಗಲು ಅಷ್ಟು ಸಮಯ ಬೇಕು. ಬಸಿರಿಗೆ ಮುನ್ನ ಬಿ.ಪಿ., ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ಅಳೆದು ಬರೆದಿಟ್ಟುಕೊಳ್ಳಬೇಕು. ಬಿ.ಪಿ.ಗೆಂದು ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಎನಲಾಪ್ರಿಲ್, ಟೆಲ್ಮಿಸಾರ್ಟಾನ್‌ನಂಥವು ಗರ್ಭದ ಮಗುವಿಗೆ ಹಾನಿ ಮಾಡುತ್ತವೆ, ಅವುಗಳ ಜಾಗಕ್ಕೆ ಲೆಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಬರುತ್ತವೆ.

ಅಪಾಯ ಹೆಚ್ಚೆಂದು ಗುರುತಿಸಿದ ಬಸುರಿಯರಿಗೆ ಕಡಿಮೆ ಡೋಸಿನ ಆಸ್ಪಿರಿನ್ ನೆರವಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿದೆ. 2017ರಲ್ಲಿ ಪ್ರಕಟವಾದ ‘ಆಸ್ಪ್ರೆ’ ಪ್ರಯೋಗದಲ್ಲಿ 11ರಿಂದ 14ನೇ ವಾರದೊಳಗೆ ಶುರುಮಾಡಿ 36ನೇ ವಾರದವರೆಗೆ ರಾತ್ರಿ 150 ಮಿಲಿಗ್ರಾಂ ಕೊಟ್ಟಾಗ, 37 ವಾರಕ್ಕೆ ಮುಂಚೆ ಹೆರಿಗೆ ಮಾಡಿಸಬೇಕಾಗುವಂಥ ಪ್ರಿಎಕ್ಲಾಂಪ್ಸಿಯಾ ಶೇ 62ರಷ್ಟು ಇಳಿಯಿತು. ಆ ಪ್ರಯೋಗ ನಡೆದದ್ದು ದಾನಿಗಳ ಮೇಲಲ್ಲ, ಆದರೂ ದಾನಿಯ ಬಸಿರಿನಲ್ಲಿ ಆಸ್ಪಿರಿನ್ ಕೊಡಬೇಕೇ ಎಂಬ ಮಾತು ಮೊದಲ ಮೂರು ತಿಂಗಳಲ್ಲೇ ವೈದ್ಯರ ಜೊತೆ ಆಗಬೇಕು. ಐದನೇ ತಿಂಗಳಿಗೆ ಬಂದು ಕೇಳಿದರೆ ಅದರ ಪ್ರಯೋಜನ ತಗ್ಗಿರುತ್ತದೆ. ಸ್ವಂತವಾಗಿ ಅಂಗಡಿಯಿಂದ ತಂದು ನುಂಗುವ ಮಾತ್ರೆಯಂತೂ ಅಲ್ಲ.

ಮೂತ್ರದ ಸೋಂಕನ್ನೂ ಹಗುರವಾಗಿ ನೋಡುವಂತಿಲ್ಲ. ಬಸಿರಿನಲ್ಲಿ ಉರಿಯೂ ಇಲ್ಲದೆ, ಜ್ವರವೂ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯಬಹುದು. ಬಿಟ್ಟರೆ ಅದು ಮೂತ್ರಪಿಂಡಕ್ಕೇ ಏರಬಹುದು. ಎರಡಿದ್ದವರಿಗೆ ಒಂದು ಕೈಕೊಟ್ಟರೆ ಇನ್ನೊಂದಿದೆ. ದಾನಿಗೆ ಮೂತ್ರದ ಕಲ್ಚರ್ ಪರೀಕ್ಷೆ ಆರಂಭದಲ್ಲೂ ಆಮೇಲೆ ಮತ್ತೆ ಮತ್ತೆಯೂ ಆಗಬೇಕು.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸೂಚನೆಗಳು

- ಬಿ.ಪಿ. 140/90 ಅಥವಾ ಹೆಚ್ಚು. 160/110 ಮುಟ್ಟಿದರೆ ಅದು ತುರ್ತು
- ಮಾತ್ರೆಗೂ ಬಗ್ಗದ ತಲೆನೋವು, ಕಣ್ಣು ಮಂಜಾಗುವುದು, ಕಣ್ಣಮುಂದೆ ಮಿಂಚು
- ಪಕ್ಕೆಲುಬಿನ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ನೋವು
- ಮುಖ, ಕೈಗಳಲ್ಲಿ ಥಟ್ಟನೆ ಕಾಣಿಸಿಕೊಂಡ ಊತ
- ಮೂತ್ರ ಕಡಿಮೆಯಾಗುವುದು, ಚಳಿಜ್ವರ, ಸೊಂಟದ ಪಕ್ಕದಲ್ಲಿ ನೋವು
- ಮಗುವಿನ ಮಿಸುಕಾಟ ಕಡಿಮೆಯಾಗುವುದು

ಸಹಿಗೆ ಮೊದಲಿನ ಮಾತು

ಇಷ್ಟೆಲ್ಲ ತಿಳಿದ ಮೇಲೆ, ಮಕ್ಕಳನ್ನು ಹೆರುವ ವಯಸ್ಸಿನ ಹೆಣ್ಣು ದಾನ ಮಾಡಲೇಬಾರದೇ? ಅಂತರರಾಷ್ಟ್ರೀಯ ಮೂತ್ರಪಿಂಡ ತಜ್ಞರ ಸಂಸ್ಥೆಯಾದ ಕೆಡಿಗೊ 2017ರಲ್ಲಿ ಕೊಟ್ಟ ಮಾರ್ಗಸೂಚಿ ಹಾಗೆ ಹೇಳುವುದಿಲ್ಲ. ಮುಂದೆ ತಾಯಿಯಾಗುವ ಆಸೆ ಇದೆ ಎಂಬ ಒಂದೇ ಕಾರಣಕ್ಕೆ ಅವಳನ್ನು ದೂರ ಇಡಬೇಕಿಲ್ಲ. ಆದರೆ ಆ ಆಸೆಯ ಬಗ್ಗೆ ಕೇಳಬೇಕು, ಅಪಾಯವನ್ನು ವಿವರಿಸಬೇಕು, ಶಸ್ತ್ರಚಿಕಿತ್ಸೆಗೆ ಮುನ್ನ ಗರ್ಭಿಣಿಯಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು ಎನ್ನುತ್ತದೆ. ಅದು ಸರಿಯಾದ ನಿಲುವು. ಅಣ್ಣ ಡಯಾಲಿಸಿಸ್ ಯಂತ್ರಕ್ಕೆ ಅಂಟಿಕೊಂಡಿರುವುದನ್ನು ಕಂಡ ತಂಗಿಗೆ, ನಿನ್ನ ಒಳಿತಿಗಾಗಿ ನಿನ್ನ ಪ್ರೀತಿಯನ್ನು ತಡೆಯುತ್ತೇವೆ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಅವಳಿಂದ ಅಂಕಿಗಳನ್ನು ಮುಚ್ಚಿಡುವ ಅಧಿಕಾರವೂ ಯಾರಿಗೂ ಇಲ್ಲ.

ನಮ್ಮ ಕಾನೂನು ಈ ಸೂಕ್ಷ್ಮವನ್ನು ಗುರುತಿಸಿದೆ. ಮಾನವ ಅಂಗಾಂಗ ಕಸಿ ಕಾಯ್ದೆ ಬಂದದ್ದು 1994ರಲ್ಲಿ. 2014ರ ನಿಯಮಗಳು ದಾನಿ ಹೆಣ್ಣಾಗಿದ್ದರೆ ಹೆಚ್ಚಿನ ಎಚ್ಚರ ವಹಿಸಬೇಕು, ಅವಳ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವರಲ್ಲದ ಬೇರೆಯವರಿಂದ ದೃಢಪಡಿಸಿಕೊಳ್ಳಬೇಕು ಎನ್ನುತ್ತವೆ. ಆದರೆ ಸ್ವತಂತ್ರ ಒಪ್ಪಿಗೆ ಎನ್ನುವುದು ಕಾಗದದ ಮೇಲಿನ ಒಂದು ಗೆರೆಯಾಗಿ ಮುಗಿಯಬಾರದು. ಗಂಡನೂ ಅತ್ತೆಯೂ ಇಲ್ಲದ ಕೋಣೆಯಲ್ಲಿ, ಅವಳಿಗೆ ತಿಳಿಯುವ ಕನ್ನಡದಲ್ಲಿ, ಪ್ರಸೂತಿ ತಜ್ಞರೊಬ್ಬರು ಕೂತು ನೂರರಲ್ಲಿ ಐದು ಎಂಬುದು ನೂರರಲ್ಲಿ ಹನ್ನೊಂದಾಗುತ್ತದೆ ಎಂದು ಹೇಳಬೇಕು. ಮೊದಲು ಮಗುವಾಗಲಿ, ಆಮೇಲೆ ದಾನ ಎನ್ನುವ ಆಯ್ಕೆ ಇದೆಯೇ, ಮನೆಯಲ್ಲಿ ಬೇರೆ ಯಾರಾದರೂ ಕೊಡಬಹುದೇ ಎಂದು ಕೇಳಬೇಕು. ‘ಬೇಡ’ ಎನ್ನಲು ಅವಳಿಗೆ ದಾರಿ ಇರಬೇಕು, ಆ ‘ಬೇಡ’ದ ಕಾರಣ ಮನೆಯವರ ಕಿವಿಗೆ ಬೀಳದಂತೆ ಕಾಪಾಡಬೇಕು. ಮೃತ ದಾನಿಗಳ ಅಂಗ ಹಂಚಿಕೆಯನ್ನು ನೋಡಿಕೊಳ್ಳುವ ರಾಜ್ಯದ ‘ಜೀವಸಾರ್ಥಕತೆ’ಗೆ ನಾವು ಹೆಚ್ಚು ಹೆಚ್ಚು ಹೆಸರು ನೋಂದಾಯಿಸಿದಷ್ಟೂ ಮನೆಯ ಹೆಣ್ಣುಮಕ್ಕಳ ಮೇಲಿನ ಈ ಒತ್ತಡ ಇಳಿಯುತ್ತದೆ.

ದಾನದ ನಂತರದ ಹೊಣೆ ಆರೋಗ್ಯ ವ್ಯವಸ್ಥೆಯದು. ಅದಕ್ಕೆ ಹೊಸ ಕಟ್ಟಡವೇನೂ ಬೇಕಿಲ್ಲ. ತಾಯಿ ಕಾರ್ಡ್ ಇದೆ, ಆಶಾ ಕಾರ್ಯಕರ್ತೆ ಇದ್ದಾಳೆ, ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ನಡೆಯುತ್ತದೆ, ಅಪಾಯ ಹೆಚ್ಚಿರುವ ಬಸುರಿಯ ಕಾರ್ಡಿಗೆ ಕೆಂಪು ಸ್ಟಿಕರ್ ಅಂಟಿಸುವ ಏರ್ಪಾಡೂ ಇದೆ. ಮೊದಲ ಭೇಟಿಯಲ್ಲೇ ‘ಎಂದಾದರೂ ಕಿಡ್ನಿ ಕೊಟ್ಟಿದ್ದೀರಾ?’ ಎಂಬ ಒಂದು ಪ್ರಶ್ನೆಯನ್ನು ಆಕೆಯೊಬ್ಬಳೇ ಇರುವಾಗ ಕೇಳಿ, ಹೌದೆಂದರೆ ಆ ಕೆಂಪು ಗುರುತು ಹಚ್ಚಿದರೆ ಸಾಕು, ನಿಗಾ ಅಲ್ಲಿಂದ ಶುರುವಾಗುತ್ತದೆ. ಬಸಿರಿನಲ್ಲಿ ಪ್ರಿಎಕ್ಲಾಂಪ್ಸಿಯಾ ಕಂಡವರಿಗೆ ಮುಂದೆ ಮೂತ್ರಪಿಂಡ ಕಾಯಿಲೆಯ ಸಾಧ್ಯತೆ ಹೆಚ್ಚು ಎಂದು ನಾರ್ವೆಯ ದಾಖಲೆಗಳನ್ನು ಆಧರಿಸಿದ 2008ರ ಅಧ್ಯಯನ ತೋರಿಸಿದೆ. ಆದ್ದರಿಂದ ದಾನಿಗೆ ವರ್ಷಕ್ಕೊಮ್ಮೆ ಬಿ.ಪಿ., ಕ್ರಿಯಾಟಿನಿನ್, ಮೂತ್ರ ಪರೀಕ್ಷೆ ಜೀವನಪೂರ್ತಿ ನಡೆಯಬೇಕು. ದಾನ ಪಡೆದವರ ಚಿಕಿತ್ಸೆ ನಡೆಯುವ ಆಸ್ಪತ್ರೆಯೇ ಕೊಟ್ಟವಳನ್ನೂ ಕರೆದು, ಖರ್ಚಿಲ್ಲದೆ ಈ ಪರೀಕ್ಷೆಗಳನ್ನು ಮಾಡಬೇಕೆಂದು ನಾವು ಕೇಳಬೇಕು. ಒಂದು ಜೀವ ಉಳಿಸಿದ ಹೆಣ್ಣಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಸಾಲ ಇದು. ಇದನ್ನು ತೀರಿಸಲು ಬೇಕಾದ ಜ್ಞಾನವೂ ಸಾಧನವೂ ಈಗಾಗಲೇ ನಮ್ಮ ಬಳಿ ಇವೆ.